‘ಬಿಡಿಎನ್‌ಎಫ್ ಕಡಿಮೆ ಇದೆ’: ಮಂಡ್ಯದ ನಿವೃತ್ತ ನೀರುಗಂಟಿಯೊಬ್ಬರ ನೆನಪಿನ ಪ್ರಕರಣ

ಮಿದುಳಿನ ‘ಬಿಡಿಎನ್‌ಎಫ್’ ಎಂಬ ಪ್ರೋಟೀನು ಕಡಿಮೆ ಇದೆ ಎಂಬ ವರದಿ ಹಿಡಿದು ಮೈಸೂರಿನ ನಮ್ಮ ಚಿಕಿತ್ಸಾಲಯಕ್ಕೆ ಬಂದವರ ಪ್ರಕರಣ ಇದು. ಇದರಲ್ಲಿ ಬರುವವರ ವಯಸ್ಸು, ಊರು, ಮನೆಯ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಉದ್ಯೋಗವನ್ನು ಮಾತ್ರ ಇದ್ದ ಹಾಗೆ ಬಿಟ್ಟಿದ್ದೇನೆ. ಅದನ್ನು ತೆಗೆದರೆ ಹೇಳಬೇಕಾದದ್ದೇ ಉಳಿಯುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಉದ್ದಕ್ಕೂ ಆ ಕೆಲಸ ಮಾಡಿ ನಿವೃತ್ತರಾದವರು ಎಷ್ಟೋ ಮಂದಿ ಇರುವುದರಿಂದ ಇಂಥವರೇ ಎಂದು ಯಾರೂ ಬೊಟ್ಟು ಮಾಡಲಾರರು. ಅವರನ್ನು ಗೌಡರು ಎಂದು ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಇದೆ, ಮಗನ ಒಪ್ಪಿಗೆಯೂ ಇದೆ. ಮಗನದು ಒಂದೇ ಷರತ್ತು: ‘ನಾನು ಕೇಳಿದ್ದನ್ನೆಲ್ಲ ದಡ್ಡ ಪ್ರಶ್ನೆಗಳ ಹಾಗೆ ಬರೆಯಬೇಡಿ.’ ಅವು ದಡ್ಡ ಪ್ರಶ್ನೆಗಳಾಗಿರಲೂ ಇಲ್ಲ.

ಹಿನ್ನೆಲೆ

ಗೌಡರಿಗೆ ಅರವತ್ತರ ಕೊನೆಯ ವಯಸ್ಸು. ಮಂಡ್ಯ ತಾಲ್ಲೂಕಿನ ನಾಲಾ ಬಯಲಿನ ಊರು. ಬದುಕಿನ ಬಹುಪಾಲು ನೀರುಗಂಟಿ ಕೆಲಸ. ಕಟ್ಟು ನೀರಿನ ದಿನಗಳಲ್ಲಿ ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಯಾವ ಸೀಳುನಾಲೆಯ ಕೊನೆ ಗದ್ದೆಗೆ ನೀರು ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಎರಡು ಮನೆಯವರ ಸರದಿಯನ್ನು ಒಂದರ ಹಿಂದೊಂದು ಇಟ್ಟರೆ ಏರಿಯ ಮೇಲೆ ಜಗಳವಾಗುತ್ತದೆ, ಇವೆಲ್ಲ ಅವರ ತಲೆಯಲ್ಲೇ ಇರುತ್ತಿದ್ದವು. ಇಲಾಖೆಯ ಪುಸ್ತಕ ತೆರೆದದ್ದು ಎಂಜಿನಿಯರ್ ಬಂದಾಗ ಮಾತ್ರ ಎಂದು ಅವರೇ ನಗುತ್ತಾ ಹೇಳಿದ್ದುಂಟು.

ಹತ್ತು ವರ್ಷಕ್ಕೂ ಹಿಂದಿನ ಸಕ್ಕರೆ ಕಾಯಿಲೆ, ಅಂದಿನಿಂದ ಮೆಟ್‌ಫಾರ್ಮಿನ್ ಮಾತ್ರೆ. ನಮ್ಮಲ್ಲಿಗೆ ಬರುವ ಮುಂಚಿನ ವರ್ಷ ಅಂಗಾಲಿನಲ್ಲಿ ಹುಣ್ಣಾಗಿ, ಬೇಗ ಮಾಯದೆ, ಕೊನೆಗೆ ಇಜಿಎಫ್ ಎಂಬ ಬೆಳವಣಿಗೆ ಅಂಶದ (ಕೋಶಗಳು ಬೆಳೆಯಲು ಪ್ರೇರೇಪಿಸುವ ಪ್ರೋಟೀನಿನ) ಜೆಲ್ ಹಚ್ಚಿ ವಾಸಿಯಾಗಿತ್ತು. ಈ ಜೆಲ್ ಮುಂದೆ ಕಥೆಗೆ ತಿರುವು ಕೊಡುತ್ತದೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ನಾಲೆ ಕಡೆ ಹೋಗುವುದು ನಿಂತಿತು, ಅರಳಿಕಟ್ಟೆಯೂ ನಿಂತಿತು. ಟಿವಿ ಮುಂದೆ ಕುರ್ಚಿ.

ಸೊಸೆ ಗಮನಿಸಿದ್ದು ಹೀಗೆ: ನಿನ್ನೆ ಬಂದು ಹೋದ ಬೀಗರನ್ನು ಇವತ್ತು ‘ಅವ್ರು ಬಂದೇ ಇಲ್ವಲ್ಲ’ ಎನ್ನುವುದು, ಹೇಳಿದ್ದನ್ನೇ ಗಂಟೆಯೊಳಗೆ ಮತ್ತೆ ಹೇಳುವುದು, ಗೊಬ್ಬರಕ್ಕೆಂದು ಕೊಟ್ಟ ದುಡ್ಡನ್ನು ಎಲ್ಲಿ ಮಡಗಿದೆ ಎಂದು ತಿಳಿಯದೆ ಇಡೀ ಮನೆ ಹುಡುಕಿಸುವುದು. ಆದರೆ ತನ್ನ ಸರಹದ್ದಿನ ತೂಬುಗಳನ್ನು ಮೇಲಿನಿಂದ ಕೆಳಕ್ಕೆ ಹೇಳಿ ಎಂದರೆ ಒಂದನ್ನೂ ಬಿಡುತ್ತಿರಲಿಲ್ಲ. ಹಳೆಯದು ಕಲ್ಲಲ್ಲಿ ಕೆತ್ತಿದಂತಿತ್ತು, ಹೊಸದು ನಿಲ್ಲುತ್ತಲೇ ಇರಲಿಲ್ಲ.

ಎರಡು ವರದಿಗಳು

ಮಗ ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಓದಿಕೊಂಡಿದ್ದಾನೆ, ಕಳವಳವೂ ಇತ್ತು. ನಮ್ಮ ಮೈಸೂರಿನ ಚಿಕಿತ್ಸಾಲಯಕ್ಕೆ ತಂದೆಯನ್ನು ಕರೆತರುವ ಮೊದಲೇ ಒಂದು ಖಾಸಗಿ ಲ್ಯಾಬಿನಲ್ಲಿ ‘ಬಿಡಿಎನ್‌ಎಫ್’ ಪರೀಕ್ಷೆ ಮಾಡಿಸಿದ್ದ. ಮಿದುಳಿನಲ್ಲಿ ನರಕೋಶಗಳನ್ನು ಪೋಷಿಸುವ, ಕೋಶಗಳ ನಡುವಿನ ಸಂಧಿಗಳನ್ನು ಅಂದರೆ ಸಿನಾಪ್ಸ್‌ಗಳನ್ನು ಬಲಪಡಿಸುವ ಪ್ರೋಟೀನು ಅದು. ವರದಿಯಲ್ಲಿ ಸಂಖ್ಯೆಯ ಪಕ್ಕ ಕೆಂಪು ಅಕ್ಷರದಲ್ಲಿ ‘ಕಡಿಮೆ’ ಎಂದಿತ್ತು. ಜೊತೆಗೆ ಆನ್‌ಲೈನ್‌ನಲ್ಲಿ ತರಿಸಿದ ಒಂದು ಡಬ್ಬಿ ಕ್ಯಾಪ್ಸೂಲ್. ಮುಖ್ಯ ದ್ರವ್ಯ ಒಂದೆಲಗದ ಸಾರ. (ಹಿತ್ತಲಲ್ಲಿ ಬೆಳೆಯುವ ಸೊಪ್ಪಿಗೆ ಅಷ್ಟು ದುಡ್ಡು ಕೊಟ್ಟದ್ದಕ್ಕೆ ಸೊಸೆ ಇನ್ನೂ ಗೊಣಗುತ್ತಾರೆ.) ಮೂರನೆಯದು ಒಂದು ಚೀಟಿ: ಹಂದಿಯ ಮಿದುಳಿನಿಂದ ತೆಗೆದ ಪೆಪ್ಟೈಡ್ ಮಿಶ್ರಣದ ಇಂಜೆಕ್ಷನ್ ಕೋರ್ಸ್ ಮಾಡಿಸಿದರೆ ‘ಬಿಡಿಎನ್‌ಎಫ್ ಏರುತ್ತದೆ’ ಎಂದು ಯಾರೋ ಬರೆದುಕೊಟ್ಟದ್ದು.

ನಮ್ಮಲ್ಲಿಗೆ ಬಂದಾಗ ಮಗನ ಪ್ರಶ್ನೆ ನೇರವಾಗಿತ್ತು. ‘ಕಾಲಿನ ಹುಣ್ಣಿಗೆ ಬೆಳವಣಿಗೆ ಅಂಶ ಹಚ್ಚಿದ್ರಿ, ಮಾಯ್ತು. ಮಿದುಳಿನಲ್ಲೂ ಅಂಥದ್ದೇ ಕಡಿಮೆ ಇದೆ ಅಂತ ವರದಿ ಹೇಳ್ತಿದೆ. ಅದನ್ನ ಯಾಕೆ ಕೊಡಬಾರದು?’

ಅವನ ತರ್ಕದಲ್ಲಿ ಇತಿಹಾಸದ ಬಲವೂ ಇತ್ತು, ಅವನಿಗೆ ಅದು ಗೊತ್ತಿರಲಿಲ್ಲ ಅಷ್ಟೆ. ನರಕೋಶಗಳ ಬೆಳವಣಿಗೆ ಅಂಶ ಎನ್‌ಜಿಎಫ್ ಮತ್ತು ಕಾಲಿಗೆ ಹಚ್ಚಿದ ಇಜಿಎಫ್ ಎರಡೂ ಹೆಚ್ಚುಕಡಿಮೆ ಒಂದೇ ಮನೆಯ ಮಕ್ಕಳು. 1950ರ ದಶಕದಲ್ಲಿ ಎನ್‌ಜಿಎಫ್ ಬೆನ್ನು ಹತ್ತಿದವರು ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್. ಅದನ್ನು ಹುಡುಕುವ ದಾರಿಯಲ್ಲೇ ಕೋಹೆನ್‌ಗೆ ಇಜಿಎಫ್ ಸಿಕ್ಕಿತು. 1986ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು. ಬಿಡಿಎನ್‌ಎಫ್ ಅನ್ನು 1982ರಲ್ಲಿ ಬಾರ್ಡ್ ಮತ್ತು ಥೋನೆನ್ ತಂಡ ಬೇರ್ಪಡಿಸಿದ್ದು ಹಂದಿಯ ಮಿದುಳಿನಿಂದಲೇ.

ನಾವು ಕೂಡಲೇ ಹೌದು ಅಥವಾ ಇಲ್ಲ ಎನ್ನಲಿಲ್ಲ. ಇಂಜೆಕ್ಷನ್ ಒಂದೆರಡು ತಿಂಗಳು ತಡವಾದರೆ ನಷ್ಟವೇನಿಲ್ಲ, ಅಷ್ಟರಲ್ಲಿ ಉಳಿದದ್ದನ್ನು ನೋಡೋಣ ಎಂದೆವು. ಮಗ ಒಪ್ಪಿದ, ಆದರೆ ಆ ವಾರವೇ ಬೆಂಗಳೂರಿನಲ್ಲಿ ಇನ್ನೊಂದು ಲ್ಯಾಬಿಗೆ ಕರೆದೊಯ್ದು ಮತ್ತೆ ಪರೀಕ್ಷೆ ಮಾಡಿಸಿದ. ಈ ಸಲದ ಸಂಖ್ಯೆ ಮೊದಲಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿತ್ತು. ‘ಕ್ಯಾಪ್ಸೂಲ್ ಕೆಲಸ ಮಾಡ್ತಿದೆ’ ಎಂದು ಫೋನಿನಲ್ಲಿ ಹಿಗ್ಗಿದ.

ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ಸಣ್ಣಕ್ಷರ ಓದಿದಾಗ ವಿಷಯ ತಿಳಿಯಿತು. ಮೊದಲ ಲ್ಯಾಬ್ ಪ್ಲಾಸ್ಮಾದಲ್ಲಿ ಅಳೆದಿತ್ತು, ಎರಡನೆಯದು ಸೀರಮ್‌ನಲ್ಲಿ. ರಕ್ತದಲ್ಲಿರುವ ಬಿಡಿಎನ್‌ಎಫ್‌ನ ದೊಡ್ಡ ಪಾಲು ಪ್ಲೇಟ್‌ಲೆಟ್‌ಗಳ ಒಳಗೆ ಕೂತಿರುತ್ತದೆ. ರಕ್ತ ಹೆಪ್ಪುಗಟ್ಟಿಸಿ ಸೀರಮ್ ತೆಗೆದರೆ ಪ್ಲೇಟ್‌ಲೆಟ್‌ಗಳು ಅದನ್ನು ಹೊರಬಿಡುತ್ತವೆ. ಹೆಪ್ಪುಗಟ್ಟದಂತೆ ತಡೆದು ಪ್ಲಾಸ್ಮಾ ತೆಗೆದರೆ ಅದು ಒಳಗೇ ಉಳಿಯುತ್ತದೆ. ಸೀರಮ್‌ನಲ್ಲೂ ಕೂಡ ಟ್ಯೂಬನ್ನು ಎಷ್ಟು ಹೊತ್ತು ಹೆಪ್ಪುಗಟ್ಟಲು ಬಿಟ್ಟರು ಎಂಬುದರ ಮೇಲೆ ಸಂಖ್ಯೆ ಏರಿಳಿಯುತ್ತದೆ. ಅಂದರೆ ಗೌಡರ ಮಿದುಳಿನಲ್ಲಿ ಏನೂ ಬದಲಾಗದೆ, ಬರೀ ಟ್ಯೂಬಿನ ಮುಚ್ಚಳದ ಬಣ್ಣ ಬದಲಾಗಿ ‘ಕಡಿಮೆ’ ಎಂಬುದು ‘ಹೆಚ್ಚು’ ಆಗಿತ್ತು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಸಂಗತಿಯನ್ನು ಮಗನಿಗೆ ಹೇಳಿದೆವು, ಅವನ ಮನಸ್ಸು ತಿರುಗಿದ್ದು ಅದರಿಂದಲೇ ಎಂದು ನನ್ನ ಅನಿಸಿಕೆ. ಬಿಡಿಎನ್‌ಎಫ್ ಮತ್ತು ನೆನಪಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಭಾಗ ಬಂದಿರುವುದು ಇಲಿಗಳಿಂದ. ಅವುಗಳಲ್ಲಿ ಚಿಟ್ಟಿಲಿಯ ಪ್ಲೇಟ್‌ಲೆಟ್‌ಗಳಲ್ಲಿ ಬಿಡಿಎನ್‌ಎಫ್ ಇಲ್ಲ, ಅದರ ರಕ್ತದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಾಗಿದ್ದೂ ಅದರ ಮಿದುಳಿನಲ್ಲಿ ಬೇಕಾದಷ್ಟಿದೆ, ಕಲಿತದ್ದು ಅದಕ್ಕೆ ನೆನಪಿರುತ್ತದೆ. ರಕ್ತದ ಸಂಖ್ಯೆ ನೋಡಿ ಮಿದುಳಿನ ಸ್ಥಿತಿ ಹೇಳುವುದಾದರೆ ಚಿಟ್ಟಿಲಿಗೆ ನೆನಪೇ ಇರಬಾರದಿತ್ತು.

ನಾವು ಮೊದಲು ನೋಡಿದ್ದು

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಖಾಲಿ ಪಟ್ಟಿಗಳ ಸಮೇತ, ಒಂದು ಕವರಿನಲ್ಲಿ ಹಾಕಿ ತನ್ನಿ ಎಂದು ಸೊಸೆಗೆ ಹೇಳಿದ್ದೆವು. ಕವರಿನಲ್ಲಿ ಆಲ್‌ಪ್ರಜೋಲಮ್ ಇತ್ತು. ಹೆಂಡತಿ ಹೋದ ತಿಂಗಳು ನಿದ್ದೆ ಬರಲಿ ಎಂದು ಯಾರೋ ಬರೆದುಕೊಟ್ಟದ್ದು, ಆಮೇಲೆ ಚೀಟಿಯಿಲ್ಲದೆ ಅಂಗಡಿಯಲ್ಲೇ ಸಿಗುತ್ತಾ ಎರಡು ವರ್ಷ ದಾಟಿತ್ತು. ಮಗನಿಗೆ ಇದು ಗೊತ್ತೇ ಇರಲಿಲ್ಲ. ಗೌಡರಿಗೆ ಅದು ‘ನಿದ್ದೆ ಮಾತ್ರೆ’, ಔಷಧಿಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈ ಗುಂಪಿನ ಮಾತ್ರೆಗಳು ಹಳೆಯ ನೆನಪನ್ನು ಮುಟ್ಟುವುದಿಲ್ಲ, ಹೊಸದು ಕೂರುವುದನ್ನು ತಡೆಯುತ್ತವೆ. ಗೌಡರ ದೂರು ಅಕ್ಷರಶಃ ಅದೇ ಆಗಿತ್ತು.

ರಕ್ತದಲ್ಲಿ ವಿಟಮಿನ್ ಬಿ12 ಸಾಮಾನ್ಯ ಮಿತಿಗಿಂತ ಕೆಳಗಿತ್ತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಇದು ಆಗುತ್ತದೆ. ವಾರಕ್ಕೊಮ್ಮೆ ಬಾಡೂಟ ಮಾಡುವವರಿಗೆ ಬಿ12 ಕಡಿಮೆಯಾಗದು ಎಂಬ ನಂಬಿಕೆಯಿಂದ ಹಿಂದೆ ಯಾರೂ ನೋಡಿರಲಿಲ್ಲ. ಥೈರಾಯ್ಡ್ ಸರಿಯಿತ್ತು. ಎಂಆರ್‌ಐನಲ್ಲಿ ಸಣ್ಣ ರಕ್ತನಾಳಗಳ ಅಲ್ಪಸ್ವಲ್ಪ ಬದಲಾವಣೆ. ಹೊಸ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಭಾಗ ವಯಸ್ಸಿಗೆ ತಕ್ಕಂತಿತ್ತು.

ನೆನಪಿನ ಪರೀಕ್ಷೆ ನಮ್ಮ ಮನಶ್ಶಾಸ್ತ್ರಜ್ಞೆಯದು. ಐದು ಪದ ಹೇಳಿಸಿ, ಸ್ವಲ್ಪ ಹೊತ್ತು ಬೇರೆ ಕೆಲಸ ಕೊಟ್ಟು, ಮತ್ತೆ ಕೇಳಿದರು. ಒಂದೂ ಬರಲಿಲ್ಲ. ಮಗ ಮುಖ ಕೆಳಗೆ ಹಾಕಿದ. ಆದರೆ ‘ಅದರಲ್ಲೊಂದು ಹೂವಿತ್ತು’ ಎಂಬಂಥ ಸುಳಿವು ಕೊಟ್ಟಾಗ ಮೂರು ಪದ ಬಂದವು. ಈ ವ್ಯತ್ಯಾಸ ಬಹಳ ದೊಡ್ಡದು. ಆಲ್ಜೈಮರ್‌ನಲ್ಲಿ ಸುಳಿವು ಕೊಟ್ಟರೂ ಸಾಮಾನ್ಯವಾಗಿ ಬರುವುದಿಲ್ಲ, ಏಕೆಂದರೆ ಅದು ಒಳಗೆ ಕೂತೇ ಇರುವುದಿಲ್ಲ. ಸುಳಿವಿಗೆ ಬಂತೆಂದರೆ ಎಲ್ಲೋ ಅರೆಬರೆ ಕೂತಿದೆ ಎಂದರ್ಥ. ಆಲ್ಜೈಮರ್ ಎಂಬ ಹೆಸರನ್ನು ಅಂದು ಫೈಲಿನಲ್ಲಿ ಬರೆಯದಿರಲು ನಿರ್ಧರಿಸಿದೆವು. ಅಲ್ಲ ಎಂದೂ ಬರೆಯಲಿಲ್ಲ.

ಇಂಜೆಕ್ಷನ್ ಬೇಡವೆಂದದ್ದು ಏಕೆ

ಎರಡನೆಯ ಭೇಟಿಯ ಹೊತ್ತಿಗೆ ಮಗ ಓದಿಕೊಂಡು ಬಂದಿದ್ದ. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಮೊಲದ ಹಿಪ್ಪೊಕ್ಯಾಂಪಸ್‌ನಲ್ಲಿ ತೋರಿಸಿದ್ದು ಅವನಿಗೆ ಗೊತ್ತಿತ್ತು: ಒಂದು ನರಹಾದಿಯನ್ನು ಸ್ವಲ್ಪ ಹೊತ್ತು ಬಿರುಸಾಗಿ ಪ್ರಚೋದಿಸಿದರೆ ಅದರ ಸಿನಾಪ್ಸ್‌ಗಳು ಗಂಟೆಗಟ್ಟಲೆ ಬಲಿಷ್ಠವಾಗಿಯೇ ಉಳಿಯುತ್ತವೆ. ಎಲ್‌ಟಿಪಿ ಎನ್ನುವುದು ಇದನ್ನೇ. 1990ರ ದಶಕದ ನಡುವೆ, ಬಿಡಿಎನ್‌ಎಫ್ ಜೀನನ್ನು ತೆಗೆದ ಇಲಿಗಳಲ್ಲಿ ಈ ಬಲವರ್ಧನೆ ಕುಂದುತ್ತದೆ, ಅದೇ ಮಿದುಳಿನ ಹೋಳಿಗೆ ಬಿಡಿಎನ್‌ಎಫ್ ಹಾಕಿದರೆ ಮರಳುತ್ತದೆ ಎಂದು ಸಾಬೀತಾಯಿತು. ‘ಹಾಕಿದರೆ ಮರಳುತ್ತೆ ಅಂತ ಅವರೇ ಬರೆದಿದ್ದಾರಲ್ಲ!’ ಎಂದು ಮಗ ಬೆರಳಿಟ್ಟು ತೋರಿಸಿದ.

ಬರೆದದ್ದು ನಿಜ. ಆದರೆ ಅದು ತಟ್ಟೆಯಲ್ಲಿಟ್ಟ ಹೋಳು. ಬದುಕಿರುವ ಮಿದುಳಿನಲ್ಲಿ ನಡೆಯುವ ಕ್ರಮ ಬೇರೆ. ಏನನ್ನಾದರೂ ಕಲಿಯುವಾಗ ಕೆಲವು ಸಿನಾಪ್ಸ್‌ಗಳಲ್ಲಿ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಸುರಿಯುತ್ತದೆ, ಅದನ್ನು ಹಿಡಿಯುವ ಎನ್‌ಎಂಡಿಎ ಗ್ರಾಹಕಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆಗ ಆ ಜಾಗದಲ್ಲೇ ಬಿಡಿಎನ್‌ಎಫ್ ಬಿಡುಗಡೆಯಾಗುತ್ತದೆ. ಅದು ಅಂಟುವ ಸ್ವಭಾವದ ಅಣು, ಬಹಳ ದೂರ ಹರಡುವುದಿಲ್ಲ. ಅಕ್ಕಪಕ್ಕದ ಟಿಆರ್‌ಕೆ-ಬಿ ಗ್ರಾಹಕಕ್ಕೆ ಕೂತು, ಅಲ್ಲೇ ಹೊಸ ಪ್ರೋಟೀನು ತಯಾರಾಗುವಂತೆ, ನರಕೊಂಬೆಯ ಮೇಲಿನ ಪುಟ್ಟ ಮುಳ್ಳಿನಂಥ ಚಾಚು ದಪ್ಪವಾಗುವಂತೆ ಮಾಡುತ್ತದೆ. ಸುದ್ದಿ ಕೋಶಕೇಂದ್ರಕ್ಕೂ ಹೋಗುತ್ತದೆ. ಅಲ್ಲಿ ಸಿಆರ್‌ಇಬಿ ಎಂಬ ಪ್ರೋಟೀನು ಜೀನುಗಳನ್ನು ಎಬ್ಬಿಸುತ್ತದೆ, ಎದ್ದ ಜೀನುಗಳಲ್ಲಿ ಬಿಡಿಎನ್‌ಎಫ್‌ನದೂ ಒಂದು. ಅಂದು ಬಳಕೆಯಾಗದ ಸಿನಾಪ್ಸ್‌ಗೆ ಇದು ಯಾವುದೂ ಆಗುವುದಿಲ್ಲ.

ಇನ್ನೊಂದು ತೊಡಕೂ ಇದೆ. ಬಿಡಿಎನ್‌ಎಫ್ ಮೊದಲು ಉದ್ದನೆಯ ಪೂರ್ವರೂಪವಾಗಿ ಹುಟ್ಟುತ್ತದೆ. ಕತ್ತರಿಸಿ ಪಕ್ವವಾದದ್ದು ಟಿಆರ್‌ಕೆ-ಬಿಗೆ ಕೂತು ಸಿನಾಪ್ಸ್ ಬಲಪಡಿಸುತ್ತದೆ. ಕತ್ತರಿಸದ ಪೂರ್ವರೂಪ ಪಿ75 ಎಂಬ ಬೇರೆ ಗ್ರಾಹಕಕ್ಕೆ ಕೂತು ಸಿನಾಪ್ಸ್ ದುರ್ಬಲವಾಗಲು ನೆರವಾಗುತ್ತದೆ. 2005ರಲ್ಲಿ ಇದು ಸ್ಪಷ್ಟವಾಯಿತು. ಒಂದೇ ಜೀನು, ಎರಡು ವಿರುದ್ಧ ಕೆಲಸ. ನೆನಪಿಗೆ ಎರಡೂ ಬೇಕು. ಹೀಗಿರುವಾಗ ‘ಏರಿಸಬೇಕು’ ಎಂದರೆ ಯಾವುದನ್ನು, ಎಲ್ಲಿ, ಯಾವಾಗ?

ಇಷ್ಟನ್ನು ಕೇಳುತ್ತಾ ಸುಮ್ಮನೆ ಕೂತಿದ್ದ ಗೌಡರು ಆಗ ಬಾಯಿ ಬಿಟ್ಟರು. ‘ಪೇಪರ್ನಾಗೆ ದಿನಾ ಕಟ್ಟೆ ಮಟ್ಟ ಹಾಕ್ತಾರೆ ಕನ ಸಾ. ನೂರಿಪ್ಪತ್ನಾಕಡಿ ತುಂಬ್ತು ಅಂತ ಊರೆಲ್ಲ ಕುಣೀತದೆ. ಕಟ್ಟೆ ತುಂಬ್‌ಬುಟ್ರೆ ನಮ್ ಕೊನೇ ಗದ್ದೆಗ್ ನೀರ್ ಬಂದಂಗಾ? ತೂಬ್ ಎತ್ತೋನ್ ಬೇಕು, ಅದೂ ಅವನ್ ಸರದಿ ದಿನ ಎತ್ಬೇಕು.’

ಮಗ ನಕ್ಕ. ಮನಶ್ಶಾಸ್ತ್ರಜ್ಞೆ ಅದನ್ನು ಫೈಲಿನಲ್ಲಿ ಬರೆದುಕೊಂಡರು. ನಾನು ಅರ್ಧ ಗಂಟೆ ವಿವರಿಸಿದ್ದು ಅಷ್ಟೇ.

ಹಾಗಾದರೆ ಕಾಲಿನ ಜೆಲ್ ಏಕೆ ಕೆಲಸ ಮಾಡಿತು? ಹುಣ್ಣಿರುವ ಜಾಗದ ಮೇಲೇ ಹಚ್ಚಿದ್ದರಿಂದ. ಎನ್‌ಜಿಎಫ್ ಕೂಡ ಹನಿ ಔಷಧಿಯಾಗಿ ಕಣ್ಣಿನ ಕಾರ್ನಿಯಾದ ಒಂದು ಬಗೆಯ ನರಸಂಬಂಧಿ ಹುಣ್ಣಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅಲ್ಲೂ ಬೇಕಾದ ಜಾಗಕ್ಕೇ ಬಿಡಬಹುದು. ಜಾಗ ತಲುಪಲಾಗದ ಕಡೆ ಇವೇ ಅಂಶಗಳು ಸೋತಿವೆ. ಬಿಡಿಎನ್‌ಎಫ್ ಅನ್ನು ಚರ್ಮದಡಿ ಚುಚ್ಚಿ ಎಎಲ್‌ಎಸ್ ಎಂಬ ನರರೋಗದ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ 1990ರ ದಶಕದಲ್ಲಿ ಪರೀಕ್ಷಿಸಿದ್ದರು. ನಿರೀಕ್ಷಿಸಿದ ಫಲ ಬರಲಿಲ್ಲ. ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಅದು ಸುಲಭವಾಗಿ ದಾಟುವುದಿಲ್ಲ. ತಡೆ ದಾಟಿಸಿದರೆ ಎಲ್ಲ ಸರಿಹೋಗುತ್ತದೆಯೇ ಎಂದರೆ ಅದೂ ಇಲ್ಲ. ಸ್ವೀಡನ್‌ನಲ್ಲಿ ಮೂವರು ಆಲ್ಜೈಮರ್ ರೋಗಿಗಳ ಮಿದುಳಿನ ಕುಹರಕ್ಕೇ ಎನ್‌ಜಿಎಫ್ ಹರಿಸಿದಾಗ ಬೆನ್ನುನೋವು, ತೂಕ ಇಳಿಯುವುದು ಶುರುವಾಯಿತು. ಎನ್‌ಜಿಎಫ್ ನೋವಿನ ನರಗಳನ್ನೂ ಎಚ್ಚರಿಸುವ ಅಣು. ಇನ್ನು ಹಂದಿ ಮಿದುಳಿನ ಪೆಪ್ಟೈಡ್ ಮಿಶ್ರಣ: ಪಾರ್ಶ್ವವಾಯು ರೋಗಿಗಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯಲ್ಲಿ ಮೆಚ್ಚುವಂಥ ಲಾಭ ಕಾಣಲಿಲ್ಲ. ಗೌಡರಿಗೆ ಪಾರ್ಶ್ವವಾಯುವೂ ಆಗಿರಲಿಲ್ಲ. ಇಂಜೆಕ್ಷನ್ ಬೇಡ ಎಂದು ಎಲ್ಲರೂ ಕೂತು ನಿರ್ಧರಿಸಿದೆವು. ಮಗನೇ ಚೀಟಿ ಹರಿದ.

ಖಿನ್ನತೆಯ ಮಾತ್ರೆಯ ಪ್ರಶ್ನೆಯೂ ಬಂತು. ಕೆಲವು ಖಿನ್ನತೆ-ನಿವಾರಕಗಳು ನೇರವಾಗಿ ಟಿಆರ್‌ಕೆ-ಬಿ ಗ್ರಾಹಕಕ್ಕೇ ಅಂಟುತ್ತವೆ ಎಂದು 2021ರಲ್ಲಿ ಪ್ರಕಟವಾಗಿದೆ, ಹಾಗಾಗಿ ಆಸೆ ಹುಟ್ಟುವುದು ಸಹಜ. ಗೌಡರದು ದುಃಖ ಮತ್ತು ಒಂಟಿತನ, ತೀವ್ರ ಖಿನ್ನತೆಯಲ್ಲ ಎಂದು ಕಂಡದ್ದರಿಂದ ಕಾದು ನೋಡಿದೆವು. ಬೇಕಾಗಲಿಲ್ಲ.

ಮಾಡಿದ್ದು

ಬಿ12 ಇಂಜೆಕ್ಷನ್ ಶುರುವಾಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲ್‌ಪ್ರಜೋಲಮ್ ಬಿಡಿಸುವುದು ತಿಂಗಳುಗಳ ಕೆಲಸವಾಯಿತು. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ, ಆದ್ದರಿಂದ ಮಾತ್ರೆಯನ್ನು ಕಾಲು ಭಾಗ, ಅರೆಕಾಲು ಭಾಗ ಎಂದು ಇಳಿಸುತ್ತಾ ಬಂದೆವು. ನಡುವೆ ಹಲವು ಕೆಟ್ಟ ರಾತ್ರಿಗಳಿದ್ದವು. ಸೊಸೆ ಪಟ್ಟಿಯನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡರು.

ವ್ಯಾಯಾಮದ ವಿಷಯದಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿತ್ತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಎಲ್ಲರೂ ಉದ್ಧರಿಸುತ್ತಾರೆ: 120 ಹಿರಿಯರು, ಅರ್ಧ ಮಂದಿ ವರ್ಷವಿಡೀ ವಾರಕ್ಕೆ 3 ದಿನ 40 ನಿಮಿಷದ ಚುರುಕು ನಡಿಗೆ, ಇನ್ನರ್ಧ ಮೈ ಹಿಗ್ಗಿಸುವ ವ್ಯಾಯಾಮ. ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು 2% ಬೆಳೆಯಿತು, ಉಳಿದವರದು ಕುಗ್ಗಿತು. ನಡೆದವರಲ್ಲಿ ಅದು ಹೆಚ್ಚು ಬೆಳೆದವರಿಗೆ ಸೀರಮ್ ಬಿಡಿಎನ್‌ಎಫ್ ಕೂಡ ಹೆಚ್ಚು ಏರಿತ್ತು. ಉದ್ಧರಿಸುವವರು ಬಿಟ್ಟುಬಿಡುವ ಮಾತೊಂದು ಅದರಲ್ಲೇ ಇದೆ: ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪು ಸುಧಾರಿಸಿತು, ನಡೆದವರು ಹೆಚ್ಚೇನೂ ಮುಂದೆ ಹೋಗಲಿಲ್ಲ. ನಡಿಗೆ ಒಳ್ಳೆಯದು, ಆದರೆ ಬರೀ ನಡಿಗೆಯಿಂದ ನೆನಪು ಬರುತ್ತದೆ ಎಂದು ಭರವಸೆ ಕೊಡಲು ಅದು ಸಾಲದು. ಮೇಲಾಗಿ ಗೌಡರದು ಸ್ಪರ್ಶ ಕುಂದಿದ ಕಾಲು, ಹುಣ್ಣು ಮಾಯ್ದು ಹೆಚ್ಚು ದಿನವಾಗಿರಲಿಲ್ಲ. ಕಾಲು ನೋಡುವ ಸಹೋದ್ಯೋಗಿ ಖಡಾಖಂಡಿತವಾಗಿ ಬೇಡ ಎಂದರು. ರಾಜಿಯಾದದ್ದು ಹೀಗೆ: ಮೊದಲಿಗೆ ಅವರ ಹಳೇ ಸೈಕಲ್, ನಾಲೆ ಏರಿಯ ಮೇಲೆ ಬೆಳಗಿನ ತಂಪಿನಲ್ಲಿ, ಮಧುಮೇಹಿಗಳ ಎಂಸಿಆರ್ ಚಪ್ಪಲಿ ಬಂದ ಮೇಲೆ ಸಮತಟ್ಟಿನಲ್ಲಿ ನಡಿಗೆ, ರಾತ್ರಿ ಸೊಸೆ ಅಂಗಾಲು ನೋಡುವುದು.

ಕಲಿಕೆಯ ಭಾಗ ಮೊದಲಿಗೆ ಎಡವಿತು. ಮಗ ಫೋನಿನಲ್ಲಿ ‘ಮಿದುಳಿನ ಆಟ’ ಹಾಕಿಕೊಟ್ಟಿದ್ದ. ಗೌಡರು ಆ ಆಟದಲ್ಲಿ ಚುರುಕಾದರು, ಬೇರೆ ಯಾವುದರಲ್ಲೂ ಆಗಲಿಲ್ಲ. ಬೇಗ ಬೇಸರ ಬಂದು ಫೋನು ಮಗುಚಿ ಬಿತ್ತು. ಪದಗಳ ಪಟ್ಟಿ ಕಂಠಪಾಠ ಮಾಡಿಸಲು ಹೋದಾಗ, ‘ಇವ್ನೆಲ್ಲ ನೆಪ್ಪಿಟ್ಕಂಡು ನಾನೇನ್ ಮಾಡ್ಲಿ?’ ಎಂದರು. ಉತ್ತರ ಯಾರ ಬಳಿಯೂ ಇರಲಿಲ್ಲ.

ತಿರುವು ಕೊಟ್ಟದ್ದು ಮನಶ್ಶಾಸ್ತ್ರಜ್ಞೆ. ಗೌಡರು ಎಂದೂ ಕೆಲಸ ಮಾಡದ ಇನ್ನೊಂದು ವಿತರಣಾ ನಾಲೆ ಅವರ ಮಗಳ ಊರಿನ ಕಡೆ ಹರಿಯುತ್ತದೆ. ‘ಅದರ ತೂಬುಗಳನ್ನು ಕಲಿಯಿರಿ’ ಎಂದರು. ಯಾವ ತೂಬು, ಯಾರ ಗದ್ದೆ, ಈಗ ಏನು ಬೆಳೆ. ವಾರಕ್ಕೆ ಕೆಲವು ಬೆಳಿಗ್ಗೆ ಮೊಮ್ಮಗನ ಜೊತೆ ಆ ಏರಿಯ ಮೇಲೆ ಹೋಗುವುದು, ಎರಡೋ ಮೂರೋ ಹೊಸ ತೂಬು ನೋಡುವುದು, ಅಲ್ಲಿರುವವರನ್ನು ಮಾತಾಡಿಸುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪುಸ್ತಕ ನೋಡದೆ ಮೊಮ್ಮಗನಿಗೆ ಹೇಳುವುದು. ಮಾರನೆಯ ಬೆಳಿಗ್ಗೆ ಹೊರಡುವ ಮೊದಲು ಮತ್ತೆ, ಆಮೇಲೆ ವಾರ ಬಿಟ್ಟು. ತಡವರಿಸಿದರೆ ಮೊಮ್ಮಗ ಸುಳಿವು ಕೊಡಬೇಕು, ಉತ್ತರ ಕೊಡಬಾರದು. ಪಟ್ಟಿ ಕಂಠಪಾಠ ಮಾಡಲು ಒಪ್ಪದ ಮನುಷ್ಯ ಇದಕ್ಕೆ ಒಂದೇ ಮಾತಿಗೆ ಒಪ್ಪಿದರು. ಎರಡನೆಯ ವಾರವೇ, ಅಲ್ಲಿನ ಸರದಿ ಸರಿಯಿಲ್ಲ ಎಂದು ತಕರಾರು ಎತ್ತಿದರು.

ಬಿಡಿಬಿಡಿಯಾಗಿ, ಅಂತರ ಕೊಟ್ಟು ಕಲಿತದ್ದು ಹೆಚ್ಚು ನಿಲ್ಲುತ್ತದೆ ಎಂಬುದು 1885ರಲ್ಲಿ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ ಬರೆದ ಕಾಲದಿಂದ ತಿಳಿದದ್ದು. ಸಂಜೆಯ ಹೊತ್ತನ್ನು ನಾವು ಆರಿಸಿದ್ದರ ಹಿಂದೆ ಮಾತ್ರ 2007ರ ಒಂದು ಇಲಿ ಪ್ರಯೋಗದ ನೆನಪಿತ್ತು. ಕಲಿತ ಸುಮಾರು 12 ಗಂಟೆಯ ನಂತರ ಹಿಪ್ಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್ ಅನ್ನು ತಡೆದರೆ, ಎರಡು ದಿನದ ಮೇಲೆ ಇಲಿಗೆ ನೆನಪು ಇದ್ದೇ ಇರುತ್ತದೆ, ಏಳು ದಿನದ ಹೊತ್ತಿಗೆ ಹೋಗಿರುತ್ತದೆ. ಅಂದರೆ ನೆನಪು ಹುಟ್ಟುವುದೊಂದು ಕೆಲಸ, ಉಳಿಯುವುದು ಇನ್ನೊಂದು, ಎರಡನೆಯದಕ್ಕೆ ಕಲಿತ ಎಷ್ಟೋ ಹೊತ್ತಿನ ಮೇಲೆ ಮತ್ತೊಂದು ಸುತ್ತು ಪ್ರೋಟೀನು ಬೇಕು. ಆ ಪ್ರಯೋಗದಲ್ಲಿ ಪಾದಕ್ಕೆ ಶಾಕ್ ತಿಂದು ಕಲಿತ ಇಲಿಗೂ ತೂಬು ಕಲಿಯುವ ಗೌಡರಿಗೂ ಅಂತರ ಬಹಳ. ಸಂಜೆ ಒಮ್ಮೆ ನೆನೆಸಿಕೊಂಡರೆ ಆ ಸುತ್ತು ನಡೆದೇಬಿಡುತ್ತದೆ ಎಂದು ನಾನು ಹೇಳಲಾರೆ. ಸಂಜೆ ಹಾಗೂ ರಾತ್ರಿಯನ್ನು ಕೆಡಿಸಬಾರದು, ಮಲಗುವ ಮುಂಚೆ ನುಂಗುವ ಆ ಬಿಳಿ ಮಾತ್ರೆ ಅದಕ್ಕೇ ಹೋಗಬೇಕು ಎಂದು ಗೌಡರಿಗೆ ಒಪ್ಪಿಸಲು ಆ ಪ್ರಯೋಗ ಚೆನ್ನಾಗಿ ಕೆಲಸಕ್ಕೆ ಬಂತು.

ಆದದ್ದು

ಸುಮಾರು ಆರು ತಿಂಗಳ ಮೇಲೆ ಬೇರೆ ಪದಗಳಿಂದ ಪರೀಕ್ಷೆ ಮಾಡಿದಾಗ ಐದರಲ್ಲಿ ಮೂರು ಸುಳಿವಿಲ್ಲದೆ ಬಂದವು, ನಾಲ್ಕನೆಯದು ಸುಳಿವಿಗೆ. ಹೊಸ ನಾಲೆಯ ತೂಬುಗಳು ಹೆಚ್ಚುಕಡಿಮೆ ಪೂರ್ತಿ ಕೂತಿದ್ದವು. ಬಂದು ಹೋದ ನೆಂಟರು ಮರುದಿನ ನೆನಪಿರುತ್ತಿದ್ದರು. ಕನ್ನಡಕ ಎಲ್ಲಿಟ್ಟೆ ಎಂಬುದು ಮಾತ್ರ ಇವತ್ತಿಗೂ ಮರೆತು ಹೋಗುತ್ತದೆ. ತೂಬು ಕಲಿತದ್ದು ಕನ್ನಡಕದ ಸಹಾಯಕ್ಕೆ ಬರಲಿಲ್ಲ. ಬಲಗೊಳ್ಳುವುದು ಬಳಸಿದ ಹಾದಿ ಮಾತ್ರ ಎಂದು ಮೊದಲೇ ಹೇಳಿದ್ದರಿಂದ ಮಗ ಇದನ್ನು ಸೋಲೆಂದು ಎಣಿಸಲಿಲ್ಲ. ಕನ್ನಡಕಕ್ಕೆ ಗೋಡೆಯಲ್ಲಿ ಒಂದು ಗೂಡು ಗೊತ್ತುಮಾಡಿದರು, ಅಷ್ಟೇ.

ಮಳೆಗಾಲದಲ್ಲಿ ಜ್ವರ ಬಂದು ಮಲಗಿದರು. ಏರಿ ಕಡೆ ಹೋಗುವುದು ಕೆಲವು ವಾರ ನಿಂತಿತು. ಎದ್ದ ಮೇಲೆ ನೋಡಿದರೆ ಬಹಳ ಹಿಂದೆ ಕಲಿತು, ಮತ್ತೆ ಮತ್ತೆ ಹೇಳಿದ ತೂಬುಗಳು ಹಾಗೇ ಇದ್ದವು. ಜ್ವರಕ್ಕೆ ಸ್ವಲ್ಪ ಮುಂಚೆ ಕಲಿತವು ಪೂರಾ ಮಾಯ. ಮೇಲಿನ ಇಲಿ ಪ್ರಯೋಗಕ್ಕೆ ಇದು ಹೇಳಿ ಮಾಡಿಸಿದಂತೆ ಹೊಂದುತ್ತದೆ, ಅದಕ್ಕೇ ಇದನ್ನು ಅನುಮಾನದಿಂದ ನೋಡುತ್ತೇನೆ. ಜ್ವರದ ದಿನಗಳಲ್ಲಿ ನಿದ್ದೆ ಕೆಟ್ಟಿತ್ತು, ಊಟ ಕೆಟ್ಟಿತ್ತು, ಜೊತೆಗೆ ಆಲ್‌ಪ್ರಜೋಲಮ್‌ನ ಅರ್ಧ ಪಟ್ಟಿಯೊಂದು ದಿಂಬಿನ ಕೆಳಗೆ ಸಿಕ್ಕಿತು. ಎಲ್ಲಿಂದ ಬಂತೆಂದು ಗೌಡರು ಬಾಯಿ ಬಿಡಲಿಲ್ಲ. ಮತ್ತೆ ಇಳಿಸುವ ಕೆಲಸ, ಈ ಸಲ ಬೇಗ ಮುಗಿಯಿತು.

ಬಿಡಿಸಿ ಹೇಳಲಾಗದ್ದು

ಯಾವುದರಿಂದ ಎಷ್ಟು ಸುಧಾರಿಸಿತು? ನನ್ನನ್ನು ಒತ್ತಾಯಿಸಿ ಕೇಳಿದರೆ ಮಾತ್ರೆ ಬಿಟ್ಟದ್ದಕ್ಕೆ ಮೊದಲ ಪಾಲು ಕೊಡುತ್ತೇನೆ, ಬಿ12ಗೆ ಎರಡನೆಯದು. ಏರಿಯ ಮೇಲಿನ ಕಲಿಕೆ ಮೂರನೆಯದು, ಮತ್ತು ಅದರಲ್ಲೂ ನಡಿಗೆಯ ಪಾಲೆಷ್ಟು, ಹೊಸದರ ಪಾಲೆಷ್ಟು, ಮನುಷ್ಯರ ಜೊತೆ ಮತ್ತೆ ಮಾತಾಡತೊಡಗಿದ್ದರ ಪಾಲೆಷ್ಟು ಎಂದು ಒಬ್ಬರ ಪ್ರಕರಣದಿಂದ ಹೇಳಲಾಗದು. ಒಂದೊಂದಾಗಿ ಮಾಡಿದ್ದರೆ ಲೆಕ್ಕ ಸಿಗುತ್ತಿತ್ತು. ಲೆಕ್ಕಕ್ಕಾಗಿ ಬಿ12 ತಡೆಹಿಡಿಯುವ ವೈದ್ಯರು ಯಾರೂ ಇರಲಾರರು.

ಇಂಥ ರೋಗಿಗಳನ್ನು ನೋಡುವ ಸಹೋದ್ಯೋಗಿಗಳಿಗೆ ಉಪಯೋಗವಾಗಬಹುದಾದ ಎರಡು ನಿರ್ಧಾರಗಳು ಇಲ್ಲಿವೆ. ಒಂದು, ಮಾತ್ರೆಗಳ ಕವರನ್ನು ಎಂಆರ್‌ಐಗಿಂತ ಮುಂಚೆ ತೆರೆದದ್ದು. ಇನ್ನೊಂದು, ಬಿಡಿಎನ್‌ಎಫ್ ವರದಿಯನ್ನು ತಿರಸ್ಕರಿಸದೆ ಮಗನ ಮುಂದೆಯೇ ಸಾಲುಸಾಲಾಗಿ ಓದಿದ್ದು. ತಿರಸ್ಕರಿಸಿದ್ದರೆ ಅವನು ಇಂಜೆಕ್ಷನ್ ಕೊಡುವವರ ಬಳಿ ಹೋಗುತ್ತಿದ್ದ, ನಮ್ಮ ಬಳಿ ಮತ್ತೆ ಬರುತ್ತಿರಲಿಲ್ಲ. ಮಗ ಈಗಲೂ ಆಗಾಗ ಹೊಸ ಲೇಖನ ಕಳಿಸುತ್ತಾನೆ. ಈಚಿನದು ಬಿಡಿಎನ್‌ಎಫ್ ಜೀನಿನ 66ನೆಯ ಸ್ಥಾನದ ಬದಲಾವಣೆಯ ಬಗ್ಗೆ. ವ್ಯಾಲಿನ್ ಬದಲು ಮೆಥಿಯೊನಿನ್ ಬಂದರೆ ಈ ಪ್ರೋಟೀನಿನ ಬಿಡುಗಡೆ ಕುಂದುತ್ತದೆ, ಅಂಥವರಲ್ಲಿ ಘಟನೆಗಳ ನೆನಪು ಸ್ವಲ್ಪ ಮಂಕಾಗಿರಬಹುದು ಎಂದು 2003ರಲ್ಲಿ ತೋರಿಸಿದ್ದರು. ಆಮೇಲಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳುತ್ತಿಲ್ಲ. ತಂದೆಯ ಜೀನು ಪರೀಕ್ಷಿಸೋಣವೇ ಎಂದು ಕೇಳಿದ್ದ. ಯಾವ ಉತ್ತರ ಬಂದರೂ ನಾವು ಮಾಡುವುದು ಬದಲಾಗುವುದಿಲ್ಲವಾದ್ದರಿಂದ ಬೇಡ ಎಂದೆವು. ರಕ್ತದ ಬಿಡಿಎನ್‌ಎಫ್ ಅನ್ನು ಮತ್ತೆ ಅಳೆಸಿಲ್ಲ.

ನಾವು ಅಳೆಯುತ್ತಿರುವುದು ಬೇರೆ. ಪ್ರತಿ ಭೇಟಿಯಲ್ಲೂ ಮೊಮ್ಮಗನ ಪುಸ್ತಕ ತೆಗೆದು, ಹಿಂದಿನ ವಾರ ಕಲಿತದ್ದರಲ್ಲಿ ಸುಳಿವಿಲ್ಲದೆ ಬಂದದ್ದೆಷ್ಟು, ಸುಳಿವಿಗೆ ಬಂದದ್ದೆಷ್ಟು ಎಂದು ಎರಡು ಸಾಲಿನಲ್ಲಿ ಬರೆದುಕೊಳ್ಳುತ್ತೇವೆ. ಮೊದಲ ಸಾಲು ಸ್ವಲ್ಪ ಇಳಿದರೆ ಚಿಂತೆಯಿಲ್ಲ. ಎರಡನೆಯದು ಇಳಿಯತೊಡಗಿದ ದಿನ, ಅಂದರೆ ಸುಳಿವು ಕೊಟ್ಟರೂ ಬರದ ದಿನ, ಆಲ್ಜೈಮರ್‌ನ ಪ್ರಶ್ನೆಯನ್ನು ಹೊಸದಾಗಿ ಎತ್ತಿಕೊಂಡು ಎಂಆರ್‌ಐ ಮತ್ತೆ ಮಾಡಿಸಬೇಕೆಂದು ಗೌಡರಿಗೂ ಮಗನಿಗೂ ಈಗಲೇ ಹೇಳಿಟ್ಟಿದ್ದೇವೆ.